ಮಂಗಳೂರಿನ ಮಳೆ, ಲಿಮಾದ ಮಂಜು ಮತ್ತು ಧಾತು-ಈಶ್ವರ ಬರ

ಭೂಪಟ ಬಿಚ್ಚಿ ಎರಡು ಊರು ಹುಡುಕಿ. ಒಂದು ನಮ್ಮ ಮಂಗಳೂರು. ಇನ್ನೊಂದು ದಕ್ಷಿಣ ಅಮೆರಿಕದ ಪೆರು ದೇಶದ ರಾಜಧಾನಿ ಲಿಮಾ. ಮಂಗಳೂರು ಸಮಭಾಜಕ ವೃತ್ತದಿಂದ ಹೆಚ್ಚುಕಮ್ಮಿ 13 ಡಿಗ್ರಿ ಉತ್ತರಕ್ಕಿದೆ, ಲಿಮಾ 12 ಡಿಗ್ರಿ ದಕ್ಷಿಣಕ್ಕಿದೆ. ಎರಡಕ್ಕೂ ಪಶ್ಚಿಮದಲ್ಲಿ ಸಮುದ್ರ. ಎರಡಕ್ಕೂ ಪೂರ್ವದಲ್ಲಿ, ಕರಾವಳಿಗೆ ಸಮಾನಾಂತರವಾಗಿ ಗೋಡೆಯ ಹಾಗೆ ನಿಂತ ಬೆಟ್ಟಸಾಲು. ಇಲ್ಲಿ ಸಹ್ಯಾದ್ರಿ, ಅಲ್ಲಿ ಆಂಡೀಸ್. ಎತ್ತರದಲ್ಲಿ ಹೋಲಿಕೆ ಇಲ್ಲ ಬಿಡಿ. ನಮ್ಮ ಮುಳ್ಳಯ್ಯನಗಿರಿ 1930 ಮೀಟರ್ ಆಸುಪಾಸು, ಪೆರುವಿನ ಹುವಾಸ್ಕರಾನ್ 6768 ಮೀಟರ್. ಆದರೂ ನಕ್ಷೆ ಮಾತ್ರ ಒಂದೇ ಅಚ್ಚಿನದು. ಸಮುದ್ರ, ಕಿರಿದಾದ ಬಯಲು, ಬೆಟ್ಟ.

ಈ ಮಾಹಿತಿಯಷ್ಟನ್ನೇ ಕೊಟ್ಟು ಲಿಮಾದಲ್ಲಿ ಎಷ್ಟು ಮಳೆ ಬರಬಹುದು ಅಂತ ಕೇಳಿದರೆ ಯಾರಾದರೂ ಮಂಗಳೂರಿನಷ್ಟೇ ಅಂದಾರು. ಮಂಗಳೂರಿಗೆ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ. ಲಿಮಾಕ್ಕೆ ಇಪ್ಪತ್ತು ಮಿಲಿಮೀಟರ್ ಬಂದರೆ ಅದೇ ದೊಡ್ಡದು! ಮಂಗಳೂರಿನಲ್ಲಿ ಜುಲೈ ತಿಂಗಳ ಒಂದು ಬೆಳಗ್ಗೆ ಸುರಿಯುವ ಮಳೆ ಲಿಮಾದವರಿಗೆ ಎರಡು ಮೂರು ವರ್ಷಕ್ಕೆ ಸಾಕು.

ನನ್ನನ್ನು ಇದಕ್ಕಿಂತಲೂ ಹೆಚ್ಚು ಹಿಡಿದು ನಿಲ್ಲಿಸಿದ ಸಂಗತಿ ಇನ್ನೊಂದಿದೆ. ಜುಲೈನಲ್ಲಿ ಎರಡೂ ಊರಿನವರಿಗೆ ಸೂರ್ಯ ಕಾಣುವುದಿಲ್ಲ. ಲಿಮಾದಲ್ಲಿ ಜೂನ್‌ನಿಂದ ಅಕ್ಟೋಬರ್ ತನಕ ಆಕಾಶ ಬೂದಿ ಬಣ್ಣದ್ದು. ಸಮುದ್ರದಿಂದ ಎದ್ದ ಮೋಡ ಊರಿನ ತಲೆಯ ಮೇಲೆ ತೂಗುಬಿದ್ದಿರುತ್ತದೆ. ಮಂಜಿನಂಥ ತುಂತುರು ಬಟ್ಟೆಯನ್ನು ತೇವ ಮಾಡುತ್ತದೆಯೇ ಹೊರತು ನೆಲವನ್ನು ನೆನೆಸುವುದಿಲ್ಲ. ಅದಕ್ಕೆ ಅಲ್ಲಿನವರು 'ಗಾರುವಾ' ಅನ್ನುತ್ತಾರೆ. 1835ರ ಜುಲೈನಲ್ಲಿ ಚಾರ್ಲ್ಸ್ ಡಾರ್ವಿನ್ ಅಲ್ಲಿಗೆ ಹೋದಾಗ ಮೊದಲ 16 ದಿನಗಳಲ್ಲಿ ಊರಿನ ಹಿಂದಿನ ಬೆಟ್ಟಸಾಲು ಕಂಡದ್ದು ಒಂದೇ ಒಂದು ಸಲವಂತೆ. ಅಂದರೆ ಮೋಡ ಇದೆ, ತೇವ ಇದೆ, ಬೆಟ್ಟ ಇದೆ, ಮಳೆ ಇಲ್ಲ. ನಮ್ಮೂರು ಪಾವಗಡದ ಕಡೆ. ಮೋಡ ಬಂದು ಮಳೆ ಬಾರದೆ ಹೋಗುವುದು ನಮಗೇನು ಹೊಸದಲ್ಲ. ಆದರೆ ವರ್ಷವರ್ಷವೂ ಐದು ತಿಂಗಳು ಮೋಡ ಕವಿದೇ ಇದ್ದು ಒಂದು ಹನಿ ಬೀಳದಿರುವುದು ಅಂದರೆ... ನಮ್ಮ ಅಜ್ಜಂದಿರು ಹುಚ್ಚೇ ಹಿಡಿಸಿಕೊಳ್ಳುತ್ತಿದ್ದರು.

ಈ ವ್ಯತ್ಯಾಸ ಮನೆಯ ಸೂರಿನಲ್ಲೂ ಕಾಣುತ್ತದೆ. ಮಂಗಳೂರಿನ ಹೆಸರು ಜಗತ್ತಿಗೆ ಹೋದದ್ದೇ ಹೆಂಚಿನ ಮೂಲಕ. ಬಾಸೆಲ್ ಮಿಷನ್ನಿನವರು ಅಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಇಳಿಜಾರು ಮಾಡಿಗೆ ಹೆಂಚು ಹೊದೆಸದಿದ್ದರೆ ಕರಾವಳಿಯಲ್ಲಿ ಸಂಸಾರ ಮಾಡಲಾಗದು. ಲಿಮಾದ ಹಳೆಯ ಮನೆಗಳಿಗೆ ಚಪ್ಪಟೆ ಮಾಡು. ಬಿದಿರಿನಂಥ ದಬ್ಬೆಯ ಮೇಲೆ ಮಣ್ಣು ಮೆತ್ತಿದರೆ ಮುಗಿಯಿತು, ನೀರು ಹರಿದುಹೋಗಲು ದಾರಿ ಬೇಕೇ ಇಲ್ಲ.

ಹೀಗೇಕೆ? ಎಲ್ಲ ಗುಟ್ಟು ಸಮುದ್ರದ ನೀರಿನ ಬಿಸಿಯಲ್ಲಿದೆ. ನಮ್ಮ ಅರಬ್ಬೀ ಸಮುದ್ರ ಮುಂಗಾರಿಗೆ ಮುಂಚೆ 28-30 ಡಿಗ್ರಿಗೆ ಕಾದಿರುತ್ತದೆ. ಅದರ ಮೇಲೆ ಹಾದುಬರುವ ನೈಋತ್ಯ ಮಾರುತ ಹೊಟ್ಟೆತುಂಬ ನೀರು ಕುಡಿದು ಬಂದು ಸಹ್ಯಾದ್ರಿಗೆ ಡಿಕ್ಕಿ ಹೊಡೆದು ಮೇಲೇರುತ್ತದೆ, ತಣ್ಣಗಾಗುತ್ತದೆ, ಸುರಿಯುತ್ತದೆ. ಪೆರುವಿನ ತೀರದಲ್ಲಿ ಗಾಳಿ ಬೆಟ್ಟಕ್ಕೆ ಎದುರಾಗಿ ಬರುವುದಿಲ್ಲ. ದಕ್ಷಿಣದಿಂದ ಉತ್ತರಕ್ಕೆ, ತೀರದ ಗುಂಟ ಬೀಸುತ್ತದೆ. ಭೂಮಿ ತಿರುಗುವುದರಿಂದ ಮೇಲ್ಪದರದ ನೀರು ತೀರ ಬಿಟ್ಟು ಆಚೆಗೆ ಸರಿಯುತ್ತದೆ, ಆ ಜಾಗ ತುಂಬಲು ಆಳದ ತಣ್ಣೀರು ಮೇಲೆ ಬರುತ್ತದೆ. ಉಷ್ಣವಲಯದಲ್ಲಿದ್ದೂ ಲಿಮಾದ ಸಮುದ್ರ ಚಳಿಗಾಲದಲ್ಲಿ 16 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ತಣ್ಣೀರಿಗೆ ತಾಗಿದ ಗಾಳಿಯೂ ತಣ್ಣಗೆ ಕೆಳಗೇ ಕೂರುತ್ತದೆ, ಅದರ ಮೇಲೆ ಬಿಸಿಗಾಳಿಯ ಪದರ ಪಾತ್ರೆಗೆ ಮುಚ್ಚಳ ಮುಚ್ಚಿದ ಹಾಗೆ. ಮೋಡ ಆ ಮುಚ್ಚಳದಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಮೇಲೇರದ ಮೋಡ ಮಳೆಯಾಗುವುದೆಂತು?

ಈ ತಣ್ಣನೆಯ ಪ್ರವಾಹಕ್ಕೆ ಪುಸ್ತಕಗಳಲ್ಲಿ ಹಂಬೋಲ್ಟ್ ಪ್ರವಾಹ ಅಂತ ಹೆಸರು. ಜರ್ಮನಿಯ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1802ರಲ್ಲಿ ಪೆರುವಿನ ತೀರದಲ್ಲಿ ನೀರಿಗೆ ಥರ್ಮಾಮೀಟರ್ ಇಳಿಸಿ, ಗಾಳಿಗಿಂತ ನೀರು ಎಷ್ಟು ತಣ್ಣಗಿದೆ ಅಂತ ಬರೆದಿಟ್ಟ. ಆದರೆ ತನ್ನ ಹೆಸರಿಟ್ಟಾಗ ಅವನೇ ಬೇಡವೆಂದನಂತೆ. ಚಿಲಿಯಿಂದ ಪೈಟಾ ತನಕದ ಬೆಸ್ತರ ಹುಡುಗರಿಗೆಲ್ಲ ಮುನ್ನೂರು ವರ್ಷದಿಂದ ಗೊತ್ತಿದ್ದ ವಿಷಯ, ನಾನು ಮಾಡಿದ್ದು ಅಳತೆ ಮಾತ್ರ ಎನ್ನುವುದು ಅವನ ವಾದ. ಈ ಕಾರಣಕ್ಕೇ ನನಗೆ ಅವನ ಮೇಲೆ ಗೌರವ ಹೆಚ್ಚಾಯಿತು.

ಬೆಟ್ಟದ ಆಚೆ ಮಗ್ಗುಲಿಗೆ ಹೋದರೆ ಚಿತ್ರ ತಿರುಗುಮುರುಗು. ನಮ್ಮಲ್ಲಿ ಪಶ್ಚಿಮ ಇಳಿಜಾರು ತೊಯ್ದು ತೊಪ್ಪೆ, ಪೂರ್ವದ ಬಯಲುಸೀಮೆ ಒಣ. ಆಗುಂಬೆಗೆ 7000 ಮಿಲಿಮೀಟರ್ ಮೀರುತ್ತದೆ. ಅಲ್ಲಿಂದ ಇನ್ನೂರು ಕಿಲೋಮೀಟರ್ ಪೂರ್ವಕ್ಕೆ ಬಂದು ಚಳ್ಳಕೆರೆ ತಲುಪುವ ಹೊತ್ತಿಗೆ 500 ಬಂದರೆ ಪುಣ್ಯ. ಪೆರುವಿನಲ್ಲಿ ಪೂರ್ವ ಇಳಿಜಾರಿನಲ್ಲಿ ಅಮೆಜಾನ್ ಕಾಡು, ಪಶ್ಚಿಮದಲ್ಲಿ ಮರಳು. ಮಳೆ ಅಲ್ಲಿಗೆ ಬರುವುದು ಇಡೀ ಖಂಡ ದಾಟಿ, ಅಟ್ಲಾಂಟಿಕ್ ಕಡೆಯಿಂದ. ಹಾಗಾಗಿ ಲಿಮಾದ ಜೋಡಿ ಊರು ಅಂತ ಹುಡುಕಿದರೆ ಮಂಗಳೂರಿಗಿಂತ ಚಳ್ಳಕೆರೆ, ಪಾವಗಡಗಳೇ ಹತ್ತಿರ. ಎರಡು ಕಡೆಯವರೂ ಬೇರೆಲ್ಲೋ ಬೆಟ್ಟದ ಮೇಲೆ ಬಿದ್ದ ಮಳೆಯನ್ನು ಹೊಳೆಯಲ್ಲಿ ಕಾಯುವವರು. ಇಲ್ಲಿ ತುಂಗಭದ್ರೆ, ವೇದಾವತಿ. ಅಲ್ಲಿ ಆಂಡೀಸ್‌ನಿಂದ ಇಳಿದು ಮರಳುಗಾಡನ್ನು ಸೀಳಿ ಸಮುದ್ರ ಸೇರುವ ಐವತ್ತಕ್ಕೂ ಹೆಚ್ಚು ಸಣ್ಣ ನದಿಗಳು, ಪ್ರತಿ ನದಿಯ ಇಕ್ಕೆಲಗಳಲ್ಲಿ ಒಂದೊಂದು ಹಸಿರು ಪಟ್ಟಿ.

ಮೈಸೂರು ಸಂಸ್ಥಾನದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಒಂದರ ಕೋಡಿ ಇನ್ನೊಂದಕ್ಕೆ ಸೇರುವ ಹಾಗೆ ಕಟ್ಟಿದ ಸರಪಳಿ. ಪೆರುವಿನ ಉತ್ತರ ಕರಾವಳಿಯ ಚಿಮೂ ಜನ ಒಂದು ನದಿಯ ನೀರನ್ನು ಇನ್ನೊಂದರ ಕಣಿವೆಗೆ ತರಲು 70 ಕಿಲೋಮೀಟರ್ ಮೀರಿದ ಕಾಲುವೆ ತೋಡಿದ್ದರು. ಅವರ ರಾಜಧಾನಿ ಚಾನ್ ಚಾನ್ ಪೂರಾ ಹಸಿ ಇಟ್ಟಿಗೆಯ ಊರು. ಸುಮಾರು 1470ರಲ್ಲಿ ಇಂಕಾಗಳ ಕೈಗೆ ಬೀಳುವ ತನಕ ಮೆರೆದದ್ದು. ಅಂದರೆ ನಮ್ಮ ವಿಜಯನಗರ ಮೆರೆಯುತ್ತಿದ್ದಾಗ ಅದೂ ಮೆರೆಯುತ್ತಿತ್ತು. ತಮಾಷೆ ನೋಡಿ, ಯುನೆಸ್ಕೋ ಹಂಪಿಯನ್ನೂ ಚಾನ್ ಚಾನನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಒಂದೇ ವರ್ಷ, 1986ರಲ್ಲಿ. ಚಾನ್ ಚಾನನ್ನು ಅದೇ ವರ್ಷ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿಸಿದರು. ಯಾಕೆಂದರೆ ಅದು ಮಣ್ಣಿನದು, ಮತ್ತು ಮಳೆಯೇ ಬಾರದ ಆ ನಾಡಿನಲ್ಲಿ ಕೆಲವು ವರ್ಷಕ್ಕೊಮ್ಮೆ ಮಳೆ ಬರುತ್ತದೆ.

ಇದೇ ಈಗ ಜಗತ್ಪ್ರಸಿದ್ಧವಾದ ಎಲ್ ನಿನೊ. ಉತ್ತರ ಪೆರುವಿನ ಪೈಟಾ ಬಂದರಿನ ನಾವಿಕರು, ಕ್ರಿಸ್‌ಮಸ್ ಹೊತ್ತಿಗೆ ಉತ್ತರದಿಂದ ಬರುವ ಬೆಚ್ಚನೆಯ ಪ್ರವಾಹಕ್ಕೆ ಬಾಲಯೇಸುವಿನ ಹೆಸರಿಟ್ಟಿದ್ದರು. 1892ರಲ್ಲಿ ಕಮಿಲೊ ಕರಿಯೊ ಎಂಬ ನೌಕಾಧಿಕಾರಿ ಲಿಮಾದ ಭೌಗೋಳಿಕ ಸಂಘದಲ್ಲಿ ಅದನ್ನು ಪ್ರಸ್ತಾಪಿಸಿದ ಮೇಲೆ ಹೆಸರು ಕಾಗದಕ್ಕೆ ಬಂತು. ಕೆಲವು ವರ್ಷ ಈ ಬಿಸಿನೀರು ಬಂದದ್ದು ಹೋಗುವುದೇ ಇಲ್ಲ. ಮುಚ್ಚಳ ಕಿತ್ತುಹೋಗುತ್ತದೆ, ಮರಳುಗಾಡಿನ ಮೇಲೆ ಆಕಾಶ ಹರಿದುಬೀಳುತ್ತದೆ. ಸಾಮಾನ್ಯ ವರ್ಷಗಳಲ್ಲಿ 100 ಮಿಲಿಮೀಟರ್ ಕಾಣದ ಪಿಯುರಾ ಊರಿಗೆ 1982-83ರಲ್ಲಿ 2000 ದಾಟಿ ಸುರಿಯಿತು. 1997-98ರಲ್ಲಿ ಸೆಚುರಾ ಮರಳುಗಾಡಿನಲ್ಲಿ ಸುಮಾರು 145 ಕಿಲೋಮೀಟರ್ ಉದ್ದದ ಕೆರೆಯೇ ನಿಂತುಬಿಟ್ಟಿತು. ಮರಳಿನಲ್ಲಿ ಹುಲ್ಲು ಬೆಳೆಯುತ್ತದೆ, ಕಡಲಿನಲ್ಲಿ ಮೀನು ಮಾಯವಾಗುತ್ತದೆ. ತಣ್ಣೀರಿನ ಜೊತೆ ಆಳದಿಂದ ಬರುತ್ತಿದ್ದ ಆಹಾರ ನಿಂತಮೇಲೆ ಮೀನಿಗೇನು ಕೆಲಸ ಅಲ್ಲಿ?

ಈಗ ನಮ್ಮ ಕಡೆಗೆ ಬರೋಣ. ಧಾತು ಸಂವತ್ಸರ ಅಂದರೆ 1876-77, ಈಶ್ವರ ಸಂವತ್ಸರ ಅಂದರೆ 1877-78. ಆ ಎರಡು ವರ್ಷಗಳ ಹೆಸರಿನಲ್ಲೇ ಕರೆಯುವ ಧಾತು-ಈಶ್ವರ ಬರ. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ ಆಳ್ವಿಕೆಯಲ್ಲಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಎಣಿಕೆಗೆ 42 ಲಕ್ಷದ ಹತ್ತಿರಕ್ಕೆ ಬಂತು. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಜನ ಹೀಗೆ ಕರಗಿದ್ದಾರೆ. ಈ ಎರಡು ಅಂಕಿ ಮೊದಲ ಸಲ ಅಕ್ಕಪಕ್ಕ ನೋಡಿದಾಗ ನಾನು ಎಲ್ಲೋ ಅಚ್ಚಿನ ತಪ್ಪಿರಬೇಕು ಅಂತ ಮತ್ತೆ ಮತ್ತೆ ನೋಡಿದ್ದೆ. ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು, ಬಿಜಾಪುರ, ಧಾರವಾಡದ ಸೀಮೆ ಮುಂಬಯಿಗೆ. ಅಲ್ಲೂ ಇದೇ ಕಥೆ.

ಅದೇ ಹೊತ್ತಿಗೆ ಪೆರುವಿನಲ್ಲಿ? 1877-78ರಲ್ಲಿ ಉತ್ತರ ಪೆರುವಿನ ಮರಳುಗಾಡು ಮಳೆಯಲ್ಲಿ ಮುಳುಗಿತ್ತು. ದಾಖಲೆಯಲ್ಲಿರುವ ಅತ್ಯಂತ ಪ್ರಬಲ ಎಲ್ ನಿನೊಗಳಲ್ಲಿ ಅದೊಂದು. ಉತ್ತರ ಚೀನಾದಲ್ಲಿ ಬರ, ಬ್ರೆಜಿಲ್ಲಿನ ಈಶಾನ್ಯದಲ್ಲಿ ಬರ. ಇನ್ನೂ ಹಿಂದೆ ಹೋದರೆ 1791-92ರ, ತಲೆಬುರುಡೆಗಳ ಬರ ಎಂದೇ ಹೆಸರಾದ ದಖ್ಖನಿನ ಬರದ ಕಾಲಕ್ಕೂ ಪೆರುವಿನಲ್ಲಿ ಪ್ರವಾಹ. ಭೂಗೋಳದ ಎರಡು ಬದಿಯ ಈ ನಾಡುಗಳು ಒಂದೇ ತಕ್ಕಡಿಯ ಎರಡು ತಟ್ಟೆಗಳ ಹಾಗೆ ಕಾಣುತ್ತವೆ.

ತಕ್ಕಡಿಯ ದಂಡಿಗೆಯನ್ನು ಹುಡುಕಿದವರು ಗಿಲ್ಬರ್ಟ್ ವಾಕರ್. ಕೇಂಬ್ರಿಡ್ಜಿನ ಗಣಿತಜ್ಞ. ಬೂಮರಾಂಗ್ ಎಸೆಯುವ ಹುಚ್ಚು ಬೇರೆ. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾದರು. 1877ರ ಬರದ ನಂತರ ಅದೇ ಇಲಾಖೆಯ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮ ನೋಡಿ ಮುಂಗಾರು ಹೇಳಲು ಹೊರಟಿದ್ದರು. ಅದು ಕೆಲವು ಸಲ ಹೊಂದಿತು, ಕೆಲವು ಸಲ ಕೈಕೊಟ್ಟಿತು. ವಾಕರ್ ಯಾವ ಸಿದ್ಧಾಂತವನ್ನೂ ಹಿಡಿದು ಕೂರಲಿಲ್ಲ. ಜಗತ್ತಿನ ಮೂಲೆಮೂಲೆಯ ವಾಯುಭಾರ, ಮಳೆ, ಉಷ್ಣತೆಯ ಅಂಕಿಗಳನ್ನು ತರಿಸಿ, ಭಾರತೀಯ ಗುಮಾಸ್ತರ ಒಂದು ದಂಡನ್ನು ಕೂರಿಸಿ, ಯಾವುದಕ್ಕೂ ಯಾವುದಕ್ಕೂ ಕೋರಿಲೇಶನ್ ಇದೆ ಅಂತ ಲೆಕ್ಕ ಹಾಕಿಸಿದರು. ಇವತ್ತು ನಾವು ನಾಲ್ಕು ಸಾಲಿನ ಪೈಥಾನ್ ಬರೆದು ಟೀ ಕುಡಿದು ಬರುವಷ್ಟರಲ್ಲಿ ಮುಗಿಯುವ ಕೆಲಸಕ್ಕೆ ಆ ಗುಮಾಸ್ತರು ವರ್ಷಗಟ್ಟಲೆ ಬೆರಳು ಸವೆಸಿದ್ದಾರೆ. ಅವರ ಹೆಸರು ಸಿದ್ಧಾಂತಕ್ಕೆ ಅಂಟಲಿಲ್ಲ, ಹಂಬೋಲ್ಟನ ಬೆಸ್ತರ ಹಾಗೇ. ಅಂದಹಾಗೆ ಇದೇ ವಾಕರ್ 1913ರಲ್ಲಿ ಮದ್ರಾಸಿನಲ್ಲಿ ರಾಮಾನುಜನ್ ಅವರ ಲೆಕ್ಕದ ಪುಟಗಳನ್ನು ನೋಡಿ, ಈತನಿಗೆ ವಿದ್ಯಾರ್ಥಿವೇತನ ಕೊಡಿ ಅಂತ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದವರು.

ಆ ಲೆಕ್ಕದಲ್ಲಿ ಎದ್ದು ಬಂದ ಸಂಗತಿ ಇಷ್ಟು. ಪೂರ್ವ ಪೆಸಿಫಿಕ್ ಸಾಗರದ ಮೇಲೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ. ಏರಿದ ವರ್ಷ ನಮ್ಮ ಮುಂಗಾರಿಗೆ ಕಷ್ಟ. 1920ರ ದಶಕದಲ್ಲಿ ಅವರು ಇದಕ್ಕೆ ದಕ್ಷಿಣ ಆಂದೋಲನ ಎಂಬರ್ಥದ ಹೆಸರಿಟ್ಟರು. ಯಾಕೆ ಹೀಗಾಗುತ್ತದೆ ಅಂತ ಅವರಿಗೆ ಹೇಳಲಾಗಲಿಲ್ಲ, ಬಹಳ ಜನ ನಂಬಲೂ ಇಲ್ಲ. ಪೆರುವಿನ ಬಿಸಿನೀರಿಗೂ ವಾಕರ್ ಅವರ ಆಂದೋಲನಕ್ಕೂ ಗಂಟು ಹಾಕಿದ್ದು ಯಾಕೋಬ್ ಬ್ಯರ್ಕ್ನೆಸ್, 1969ರಲ್ಲಿ. ಇಂಡೋನೇಷ್ಯಾ ಹತ್ತಿರದ ಕಾದ ಸಮುದ್ರದ ಮೇಲೆ ಗಾಳಿ ಏರಿ, ಪೆರುವಿನ ತಣ್ಣನೆಯ ಸಮುದ್ರದ ಮೇಲೆ ಇಳಿಯುವ ದೊಡ್ಡ ಚಕ್ರ ಅದು. ಬಿಸಿನೀರು ಪೂರ್ವಕ್ಕೆ ಸರಿದರೆ ಏರುವ ಜಾಗವೂ ಸರಿಯುತ್ತದೆ, ನಮ್ಮ ಕಡೆ ಗಾಳಿ ಇಳಿಯತೊಡಗುತ್ತದೆ. ಇಳಿಯುವ ಗಾಳಿಯಲ್ಲಿ ಮಳೆ ಹುಟ್ಟುವುದಿಲ್ಲ.

ಇಷ್ಟಕ್ಕೆ ನಿಲ್ಲಿಸಿದ್ದರೆ ಚಂದದ ಕಥೆ. ಪೆರುವಿನ ಕಡಲು ಕಾದಿತು, ಮೈಸೂರಿನ ಜನ ಸತ್ತರು. ಎಷ್ಟೋ ಕಡೆ ಹಾಗೇ ಬರೆದಿರುತ್ತಾರೆ. ಆದರೆ ತಾರೀಕುಗಳನ್ನು ಹಿಡಿದು ಕೂತರೆ ಕಥೆ ಅಷ್ಟು ಸಲೀಸಾಗಿ ಕೂರುವುದಿಲ್ಲ. ನಮ್ಮಲ್ಲಿ ಮಳೆ ಕೈಕೊಟ್ಟದ್ದು 1876ರಲ್ಲೇ. ಆಗಿನ್ನೂ ಆ ಎಲ್ ನಿನೊ ಬಲಿತಿರಲಿಲ್ಲ. ಅದಕ್ಕೆ ಹಿಂದಿನ ಹಲವು ವರ್ಷ ಪೆಸಿಫಿಕ್ ತಣ್ಣಗೇ ಇತ್ತು ಅಂತ ಈಚಿನ ಅಧ್ಯಯನಗಳು ಹೇಳುತ್ತವೆ. ಎಲ್ ನಿನೊ ಬಲವಾದದ್ದು 1877ರಲ್ಲಿ. ಆ ವರ್ಷ ಇಡೀ ಭಾರತದ ಮುಂಗಾರು ಕೆಟ್ಟಿತು, ನಿಜ. ಆದರೆ ಅದೇ ವರ್ಷ ಸೆಪ್ಟೆಂಬರ್ ಹೊತ್ತಿಗೆ ಮೈಸೂರಿನ ಕಡೆ ಮಳೆ ಮರಳಿತು. ಅಂದರೆ ಮೊದಲ ಪೆಟ್ಟು ಕೊಟ್ಟದ್ದು ಪೆರುವಿನ ಬಿಸಿನೀರಲ್ಲ. ಬಿದ್ದವರನ್ನು ಅದು ಮೇಲೇಳಗೊಡಲಿಲ್ಲ, ಅಷ್ಟೇ.

ಇನ್ನು, ಮಳೆ ಬಾರದ್ದಕ್ಕೂ ಜನ ಸತ್ತದ್ದಕ್ಕೂ ನಡುವೆ ಬಹಳ ದೂರ ಇದೆ. ಆ ದೂರವನ್ನು ಆಕಾಶದ ಲೆಕ್ಕಕ್ಕೆ ಬರೆಯಬಾರದು ಎಂಬುದು ನನ್ನ ವಾದ. 1873-74ರಲ್ಲಿ ಬಿಹಾರದಲ್ಲಿ ಬರ ಬಿದ್ದಾಗ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರ್ಮಾದಿಂದ ಅಕ್ಕಿ ತರಿಸಿ ಹಂಚಿದ. ಹಸಿವಿನಿಂದ ಸತ್ತವರು ಬಹಳ ಕಡಿಮೆ. ಅದಕ್ಕೆ ಅವನಿಗೆ ಸಿಕ್ಕಿದ್ದು ದುಂದುಗಾರ ಎಂಬ ಬಯ್ಗುಳ. ಮೂರೇ ವರ್ಷದ ಮೇಲೆ ಅದೇ ಟೆಂಪಲ್‌ನನ್ನು ದಕ್ಷಿಣದ ಬರಕ್ಕೆ ಕಳಿಸಿದರು. ಈ ಸಲ ಆತ ಪಾಠ ಕಲಿತಿದ್ದ. ಪರಿಹಾರದ ಕಾಮಗಾರಿಯಲ್ಲಿ ದಿನವಿಡೀ ಕಲ್ಲು ಒಡೆಯುವ ಗಂಡಾಳಿಗೆ ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆ ಸಾಕು ಅಂದ. ಒಂದು ಪೌಂಡ್ ಅಂದರೆ 450 ಗ್ರಾಂ. ಮದ್ರಾಸಿನ ಆರೋಗ್ಯ ಕಮಿಷನರ್ ಡಾ. ಕಾರ್ನಿಶ್ ಇದು ಸಾಯಿಸುವ ಕೂಲಿ ಅಂತ ಜಗಳವಾಡಿದರು. 1877ರ ಜನವರಿ 1ರಂದು ದೆಹಲಿಯಲ್ಲಿ ಲಾರ್ಡ್ ಲಿಟ್ಟನ್ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿ ಎಂದು ಸಾರುವ ದರ್ಬಾರು ನಡೆಸಿದ. 1877-78ರಲ್ಲಿ ಭಾರತದಿಂದ ಹಡಗೇರಿ ಹೋದ ಗೋಧಿ 3 ಲಕ್ಷ ಟನ್ನಿಗೂ ಹೆಚ್ಚು. ಪೆರುವಿನ ಬೆಸ್ತನಿಗೂ ಅವನ ಬಿಸಿನೀರಿಗೂ ಇದರಲ್ಲಿ ಯಾವ ಪಾಲೂ ಇಲ್ಲ.

1972ನ್ನು ಪಕ್ಕಕ್ಕಿಟ್ಟು ನೋಡಿ. ಆ ವರ್ಷ ಮತ್ತೆ ಪ್ರಬಲ ಎಲ್ ನಿನೊ. ಪೆರುವಿನಲ್ಲಿ 1970ರಲ್ಲಿ 120 ಲಕ್ಷ ಟನ್ ದಾಟಿದ್ದ ಆಂಚೊವಿ ಮೀನಿನ ಹಿಡಿತ, ಮಿತಿಮೀರಿದ ಮೀನುಗಾರಿಕೆಯೂ ಸೇರಿ, ಕುಸಿದು ಬಿತ್ತು. ಭಾರತದಲ್ಲಿ ಮುಂಗಾರು ಕಾಲುಭಾಗದಷ್ಟು ಖೋತಾ. ನಮ್ಮ ರಾಜ್ಯದ ಹೆಸರು ಆಗಿನ್ನೂ ಮೈಸೂರು. ಪಕ್ಕದ ಮಹಾರಾಷ್ಟ್ರದಲ್ಲಂತೂ ಭೀಕರ ಬರ. ಆದರೆ ಅಲ್ಲಿ ಲಕ್ಷಗಟ್ಟಲೆ ಜನಕ್ಕೆ ಕಾಮಗಾರಿ ಕೊಟ್ಟು ಕೂಲಿ ಕೊಟ್ಟರು, ಮುಂದೆ ಅದೇ ಉದ್ಯೋಗ ಖಾತ್ರಿ ಯೋಜನೆಯಾಯಿತು. ಆಕಾಶ ಹೆಚ್ಚುಕಮ್ಮಿ ಅದೇ. 1877ರ ಹಾಗೆ ಊರಿಗೆ ಊರೇ ಖಾಲಿಯಾಗಲಿಲ್ಲ.

ತಕ್ಕಡಿಯೂ ಯಾವಾಗಲೂ ಸರಿಯಾಗಿ ತೂಗುವುದಿಲ್ಲ. 1997ರಲ್ಲಿ ಶತಮಾನದ ಎಲ್ ನಿನೊ ಅಂತ ಎಲ್ಲರೂ ಹೆದರಿ ಕೂತಿದ್ದಾಗ ಭಾರತಕ್ಕೆ ಸಾಮಾನ್ಯಕ್ಕಿಂತ ತುಸು ಹೆಚ್ಚೇ ಮಳೆ ಬಂತು. 2002ರಲ್ಲಿ ಸಾಧಾರಣ ಎಲ್ ನಿನೊ, ಆದರೆ ಜುಲೈ ತಿಂಗಳ ಮಳೆ ಅರ್ಧಕ್ಕರ್ಧ ಮಾಯ. ಪೆಸಿಫಿಕ್ಕನ್ನೇ ನೋಡುತ್ತ ಕೂತವರು ಮರೆತದ್ದು ನಮ್ಮ ಮನೆಯಂಗಳದ ಸಮುದ್ರವನ್ನು. 1999ರಲ್ಲಿ ಸಾಜಿ, ಗೋಸ್ವಾಮಿ, ಯಮಗಾಟ ಮುಂತಾದವರು ಹಿಂದೂ ಮಹಾಸಾಗರದೊಳಗೇ ಪೂರ್ವ-ಪಶ್ಚಿಮದ ಇನ್ನೊಂದು ಏರಿಳಿತ ಇದೆ ಅಂತ ತೋರಿಸಿದರು. ಗೋಸ್ವಾಮಿ ಆಗ ಇದ್ದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅದೇ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು ಆ ಸಾಗರದ ಮೇಲಿನ ಮೋಡಗಳ ಏರಿಳಿತವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರ 1997, 2002ರಂಥ ವರ್ಷಗಳು ಅರ್ಥವಾಗುತ್ತವೆ ಅಂದರು. 1877ರಲ್ಲೂ ಈ ಹತ್ತಿರದ ಏರಿಳಿತ ದಾಖಲೆ ಮಟ್ಟದಲ್ಲಿತ್ತಂತೆ. ಆ ಸೆಪ್ಟೆಂಬರಿನ ಮಳೆಗೆ ಅದರ ಪಾಲೂ ಇದ್ದೀತು ಅಂತ ನನ್ನ ಊಹೆ.

2023ರ ಮಾರ್ಚ್‌ನಲ್ಲಿ ಉತ್ತರ ಪೆರುವಿಗೆ ಅಪರೂಪದ ಒಂದು ಚಂಡಮಾರುತ ಬಂತು. ಅದಕ್ಕಿಟ್ಟ ಹೆಸರು ಯಾಕು. ಕೆಚುವಾ ಭಾಷೆಯಲ್ಲಿ ಯಾಕು ಅಂದರೆ ನೀರು. (ನಮ್ಮ ಕಿವಿಗೆ 'ಯಾಕೋ?' ಅಂತ ಆಕಾಶವನ್ನು ಕೇಳಿದ ಹಾಗೆ :) ) ಸಮುದ್ರ ಕಾದು, ಜೂನ್‌ನಲ್ಲಿ ಅಲ್ಲಿನ ಸರಕಾರ ಆಂಚೊವಿ ಹಿಡಿಯುವ ಮೊದಲ ಋತುವನ್ನೇ ರದ್ದು ಮಾಡಿತು. ಆಗಸ್ಟ್‌ನಲ್ಲಿ ಭಾರತ 1901ರಿಂದೀಚಿನ ಅತ್ಯಂತ ಒಣ ಆಗಸ್ಟ್ ಕಂಡಿತು. ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಪಾವಗಡವೂ ಸೇರಿ.

ಧಾತು-ಈಶ್ವರ ಬರದ ಬಗ್ಗೆ ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಏನಾದರೂ ಮಾತು ಉಳಿದಿದ್ದರೆ, ಊರು ಬಿಟ್ಟು ಬಂದ ಕಥೆಯೋ ಕಾಡುಗೆಡ್ಡೆ ತಿಂದ ಕಥೆಯೋ, ಬರೆದು ತಿಳಿಸಿ. ಯಾವ ತಾಲೂಕು, ಯಾವ ತಿಂಗಳು ಮಳೆ ಮರಳಿತು ಅನ್ನುವ ವಿವರ ಸಿಕ್ಕರಂತೂ ಬಹಳ ಉಪಕಾರ.